ಹಸು ಹೋದ ಮೇಲೆ ಸೊಳ್ಳೆ ಯಾರಿಗೆ

ಸಿಟಿಯೊಳಗೇ ಸೇರಿಹೋದ ಉಪ್ಪಾರಹಳ್ಳಿಯ ನಮ್ಮ ಮನೆಯ ಹಿತ್ತಿಲಿನಲ್ಲಿ ಶೀಟು ಹೊದಿಸಿದ ಸಣ್ಣ ಕೊಟ್ಟಿಗೆ, ಅದರಲ್ಲಿ ಅತ್ತೆಯ ಒಂದು ಹಸು. ಸಿಟಿಯಲ್ಲಿ ಹಸು ಯಾಕೆ ಅಂತ ಮದುವೆಯಾಗಿ ಬಂದಾಗಿನಿಂದ ನನ್ನ ತಕರಾರು. ಪಕ್ಕದ ಚರಂಡಿಯ ಸೊಳ್ಳೆಗಳ ಬಗ್ಗೆ ಯಾರಿಗೂ ತಕರಾರಿರಲಿಲ್ಲ, ಅವು ಕಾರ್ಪೊರೇಷನ್ನಿನವು.

ಸಂಜೆಯಾದರೆ ಅತ್ತೆ ಬೆರಣಿ ಕೆಂಡದ ಮೇಲೆ ಬೇವಿನ ಸೊಪ್ಪು ಹಾಕಿ, ಬೀದಿ ಕಡೆಯ ಕೋಣೆಯಿಂದ ಶುರುಮಾಡಿ ಒಂದೊಂದೇ ಕೋಣೆಗೆ ಹೊಗೆ ಹಿಡಿಯುತ್ತ ಹಿತ್ತಿಲ ಬಾಗಿಲವರೆಗೆ ಬರುತ್ತಿದ್ದರು. ಸೊಳ್ಳೆಯೆಲ್ಲ ಹಸುವಿನ ಕಡೆ ಹೋಗಲಿ ಅಂತ. “ಅದ್ರ ಚರ್ಮ ದಪ್ಪ ಕಣವ್ವ, ತಡ್ಕತದೆ,” ಅನ್ನುತ್ತಿದ್ದರು. ಆಮೇಲೆ ಹೋಗಿ ಹಸುವಿನ ಕತ್ತು ಸವರುತ್ತ ಒಂದಷ್ಟು ಹೊತ್ತು ನಿಲ್ಲುತ್ತಿದ್ದರು, ತಪ್ಪು ಕಾಣಿಕೆ ಸಲ್ಲಿಸುವ ಹಾಗೆ. ನನಗೆ ನಗು ಬರುತ್ತಿತ್ತು.

ಏಳು ವರ್ಷದ ಮಗಳಿಗೆ ಡೆಂಗ್ಯೂ ಬಂದಾಗ ನನ್ನ ನಗುವೆಲ್ಲ ಕೋಪವಾಯಿತು. ಪ್ಲೇಟ್‌ಲೆಟ್ ಇಳಿಯುತ್ತಲೇ ಇತ್ತು. ಆ ಸೊಳ್ಳೆ ಹುಟ್ಟುವುದು ಮುಚ್ಚಿಡದ ತಿಳಿನೀರಲ್ಲಿ ಅಂತ ಡಾಕ್ಟರು ಹೇಳಿದ್ದು ನನ್ನ ಕಿವಿಗೆ ಹೋಗಲೇ ಇಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲೇ ಅತ್ತೆಯ ಮೇಲೆ ಹಾರಾಡಿದೆ: “ನಿಮ್ಗೆ ಹಸು ಬೇಕಾ, ಮೊಮ್ಮಗಳು ಬೇಕಾ?” ಮಗಳು ಹುಷಾರಾಗಿ ಮನೆಗೆ ಬರುವಷ್ಟರಲ್ಲಿ ಹಸು ಸಿ.ಎಸ್. ಪುರದ ನಾದಿನಿಯ ಮನೆ ಸೇರಿತ್ತು. ಗೆದ್ದೆ ಅಂತಲೇ ಅಂದುಕೊಂಡೆ.

ಕೊಟ್ಟಿಗೆ ತೊಳೆಸಿ, ಫಿನಾಯಿಲ್ ಹಾಕಿಸಿದೆ. ಉಳಿದ ಬೆರಣಿಯಲ್ಲಿ ಅತ್ತೆ ಸಂಜೆ ಹೊಗೆ ಹಾಕುತ್ತಲೂ ಇದ್ದರು. ಆದರೂ ಸೊಳ್ಳೆಗಳು ಕಡಿಮೆಯಾಗಲಿಲ್ಲ, ಹೆಚ್ಚಾದವು. ಹಿತ್ತಿಲಲ್ಲಿ ನಿಲ್ಲುತ್ತಿದ್ದವು ಈಗ ಒಳಗೇ ಬಂದವು. ಸಂಜೆ ಓದಲು ಕೂತ ಮಗಳ ಕಾಲೆಲ್ಲ ದದ್ದು, ಕೆರೆದು ಕೆರೆದು ಗಾಯ. ಇನ್ನೊಂದು ಸಲ ಜ್ವರ ಬಂದರೆ ಏನು ಗತಿ ಅಂತ ನನ್ನ ಜೀವ ಬಾಯಿಗೆ ಬರುತ್ತಿತ್ತು. ಹಸುವನ್ನು ವಾಪಸ್ ತರಿಸೋಣ ಅನ್ನಲು ಮಾತ್ರ ನಾಲಿಗೆ ಏಳಲಿಲ್ಲ. ಅಷ್ಟು ಜಂಬ ನನಗೆ.

ಆಮೇಲೆ ಕೆಲವು ದಿನ ಮಗಳ ಕಾಲಿನ ದದ್ದು ಇಳಿಯಿತು. ಸೊಳ್ಳೆ ಕಾಯಿಲ್ ಬದಲಾಯಿಸಿದ್ದಕ್ಕೇ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಒಂದು ಸಂಜೆ ಸತ್ಯಮಂಗಲದ ಫ್ಯಾಕ್ಟರಿ ಕೆಲಸ ಬೇಗ ಮುಗಿದು ಮನೆಗೆ ಬಂದೆ. ಕೋಣೆಗಳಲ್ಲಿ ಬೇವಿನ ಹೊಗೆ ಇನ್ನೂ ಆಡುತ್ತಿತ್ತು. ಮಗಳು ಓದುತ್ತಿದ್ದಳು. ಅತ್ತೆ ಎಲ್ಲೂ ಕಾಣಲಿಲ್ಲ. ಹಿತ್ತಿಲಿಗೆ ಹೋದರೆ, ಖಾಲಿ ಕೊಟ್ಟಿಗೆಯಲ್ಲಿ ಹಸು ಕಟ್ಟುತ್ತಿದ್ದ ಗೂಟದ ಪಕ್ಕ ಕೂತಿದ್ದರು, ಸೀರೆಯನ್ನು ಮೊಣಕಾಲವರೆಗೆ ಎತ್ತಿಕೊಂಡು. ಕಾಲ ಮೇಲೆ ಸೊಳ್ಳೆಗಳು ಕೂತಿದ್ದವು. ಒಂದನ್ನೂ ಓಡಿಸುತ್ತಿರಲಿಲ್ಲ.

“ಅತ್ತೆ, ಏನ್ ಮಾಡ್ತಿದೀರಾ ಇಲ್ಲಿ?”

“ಹೊಗೆ ಹಾಕಿ ಆಚೆಗೆ ಓಡಿಸ್ತೀವಿ. ಆಚೆ ಯಾರೂ ಇಲ್ದಿದ್ರೆ ತಿರ್ಗಾ ಒಳಕ್ಕೇ ಬತ್ತವೆ ಕಣವ್ವ.”

ನನಗೆ ಅಳು ತಡೆಯಲಾಗಲಿಲ್ಲ. ಆ ಕಾಲುಗಳನ್ನು ಸೆರಗಿನಿಂದ ಮುಚ್ಚಿ, ಕೈ ಹಿಡಿದು ಎಬ್ಬಿಸಲು ಹೋದೆ. ಅವರು ಏಳಲಿಲ್ಲ.

“ಇನ್ನೊಂದರ್ಧ ಗಂಟೆ ಬುಡು,” ಅಂದರು. “ಮಗು ಓದ್ಕಳ್ಳಿ.”