ಅಟ್ಟಕ್ಕೇರಿದ ಎಡಗಡೆ ಸೀಟು

ನನ್ನ ಮದುವೆಯಾದ ಹೊಸದರಲ್ಲಿ, ಐವತ್ತರ ದಶಕದ ಕೊನೆಗೆ, ಜಾಲ್ಸೂರಿನ ಹತ್ತಿರದ ನಮ್ಮ ಮನೆಯಲ್ಲಿ ಆರು ಸಿಲಿಂಡರಿನ ಒಂದು ಹಳೇ ಕಾರಿತ್ತು. ದೇಶ ಬಿಟ್ಟು ಹೊರಟಿದ್ದ ಕೊಡಗಿನ ಕಾಫಿ ತೋಟದ ದೊರೆಯೊಬ್ಬನಿಂದ ನನ್ನ ಗಂಡ ಕೊಂಡದ್ದು. ತಗ್ಗಿನ ಮೈ, ಉದ್ದ ಮೂತಿ, ತಲೆಯ ಮೇಲೆ ಮಡಚಿಡುವ ಬಟ್ಟೆಯ ಮಾಡು, ಎರಡೇ ಸೀಟು. ಅದು ಓಟದ ಕಾರು ಎಂದು ಇವರು ಹೇಳುತ್ತಿದ್ದರು. ಏರಿನಲ್ಲಿ ಅದು ಏದುಸಿರು ಬಿಡುವುದನ್ನು ಕಂಡಿದ್ದ ನನಗೆ ಆ ಮಾತಿನಲ್ಲಿ ನಂಬಿಕೆ ಇರಲಿಲ್ಲ.

ಆದರೂ ಅದರ ಎಡಗಡೆಯ ಸೀಟು ನನಗೆ ಬೇಕಿತ್ತು. ನಮ್ಮದು ತುಂಬಿದ ಮನೆ. ಹಗಲಿನಲ್ಲಿ ಗಂಡನ ಜೊತೆ ನಿಂತು ಎರಡು ಮಾತಾಡಿದರೆ ಅಡುಗೆಮನೆಯಲ್ಲಿ ಅತ್ತೆಯ ಪಾತ್ರೆಗಳ ಸದ್ದು ನಿಲ್ಲುತ್ತಿತ್ತು. ಮನೆಯೊಳಗೆ ಉಪ್ಪು ಸಾಕು, ಹುಳಿ ಸಾಕು ಎನ್ನುವುದು ಬಿಟ್ಟು ಬೇರೆ ಮಾತೇ ಬಾರದ ಮನುಷ್ಯ, ಕುಂಬ್ರದ ನನ್ನ ತವರಿಗೆ ಹೊರಟು ಗೇಟು ದಾಟಿದ ಕೂಡಲೇ ಕತೆ ಶುರು ಮಾಡುತ್ತಿದ್ದರು. ನಕ್ಕು ನಕ್ಕು ನನಗೆ ಹೊಟ್ಟೆ ಹುಣ್ಣಾಗುತ್ತಿತ್ತು. ನಮ್ಮ ಸಂಸಾರ ನಡೆದದ್ದೇ ಆ ಎರಡು ಸೀಟುಗಳಲ್ಲಿ ಎಂದರೂ ಸರಿ.

ಆ ಕಾರಿನ ವೇಗ ಹೆಚ್ಚಿಸಬೇಕೆಂಬ ಹುಚ್ಚು ಒಂದು ದಿನ ಇದ್ದಕ್ಕಿದ್ದಂತೆ ಇವರಿಗೆ ಹಿಡಿಯಿತು. ಎಂಜಿನು ಬದಲಿಸುವಷ್ಟು ದುಡ್ಡಿಲ್ಲ. ಪುತ್ತೂರಿನ ಗ್ಯಾರೇಜಿನ ಸಾಹೇಬರಲ್ಲಿ ಕಮ್ಮಿ ಖರ್ಚಿನ ಉಪಾಯಗಳಿದ್ದವು. ಮೊದಲು ಹೊಸ ಪ್ಲಗ್ಗುಗಳು ಬಂದವು. ಆಮೇಲೆ ಸೈಲೆನ್ಸರಿನ ಹೊಟ್ಟೆಯಲ್ಲಿದ್ದುದನ್ನೆಲ್ಲ ಬಗೆದು ತೆಗೆದರು. ಆ ಸದ್ದಿಗೆ ನಮ್ಮ ದನಗಳು ಹಗ್ಗ ಹರಿದವು. ಗುಜರಿಯಿಂದ ಇನ್ನೊಂದು ಕಾರ್ಬ್ಯುರೇಟರ್ ಬಂತು. ಎಂಜಿನಿನ ಹೆಡ್ಡನ್ನು ಮಂಗಳೂರಿಗೆ ಕಳಿಸಿ ಅಡಿ ಕೆರೆಸಿ ತಂದರು. ಕೆರೆದರೆ ಬಲ ಹೇಗೆ ಹೆಚ್ಚುತ್ತದೆ ಎಂದು ಕೇಳಿದೆ.

"ನಿಂಗೆ ಅರ್ಥ ಆಗುದಿಲ್ಲ" ಎಂದರು.

ನನಗೆ ಅರ್ಥವಾಗದ್ದು ಅದಲ್ಲ. ಇಷ್ಟು ಅವಸರದಲ್ಲಿ ಇವರು ಹೋಗಿ ಮುಟ್ಟಬೇಕಾದದ್ದು ಎಲ್ಲಿಗೆ?

ಒಂದು ದಿನ ಸಾಹೇಬರು ಮನೆಗೇ ಬಂದರು. ಜಗಲಿಯಲ್ಲಿ ಚಾ ಕುಡಿಯುತ್ತ, "ಇನ್ನು ಗಾಡಿಯ ಭಾರ ಕಮ್ಮಿ ಮಾಡುದೇ ಧಣಿ. ಅದಕ್ಕೆ ಖರ್ಚೇ ಇಲ್ಲ" ಎಂದದ್ದು ಕೇಳಿಸಿತು. ಬಂಪರು ಹೋಯಿತು, ಸ್ಟೆಪ್ನಿ ಹೋಯಿತು, ಬಟ್ಟೆಯ ಮಾಡು ಹೋಯಿತು. ಬಿಚ್ಚಿದ್ದೆಲ್ಲ ಸಾಹೇಬರ ಗ್ಯಾರೇಜಿಗೆ ಹೋಗುತ್ತದೋ ಎಂದು ಬಾಗಿಲ ಸಂದಿಯಿಂದ ಕಾವಲು ಕಾದೆ. ಇಲ್ಲ, ಎಲ್ಲವೂ ನಮ್ಮ ಕೊಟ್ಟಿಗೆಯ ಅಟ್ಟಕ್ಕೇ ಏರಿದವು. ಕೊನೆಗೆ ಒಂದು ಬೆಳಿಗ್ಗೆ ನನ್ನ ಸೀಟೂ ಅಲ್ಲಿತ್ತು. ನನಗೆ ಕತೆ ಹೇಳಿ ಹೇಳಿ ಇವರಿಗೆ ಸಾಕಾಗಿದೆ ಎಂದುಕೊಂಡೆ.

ಅದೇ ಸಮಯಕ್ಕೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಸುಳ್ಯದಿಂದ ಪುತ್ತೂರಿಗೆ ಹೋಗುವ ಬೆಳಗ್ಗಿನ ಬಸ್ಸಿನ ಹಾರನ್ ಕೇಳಿದರೆ ಇವರು ತಿನ್ನುತ್ತಿದ್ದ ದೋಸೆ ಬಿಟ್ಟು ಏಳುತ್ತಿದ್ದರು. ಬಸ್ಸು ಹೋದ ಬೆನ್ನಿಗೇ ಕಾರು. ಕೇಳಿದರೆ ಟ್ರಯಲ್ ಅಂತೆ! ಆ ಬಸ್ಸಿನಲ್ಲಿ ಹೊಸ ಟೀಚರೊಬ್ಬರು ಓಡಾಡುತ್ತಾರೆ ಎಂದು ಕೆಲಸದ ಹೆಂಗಸು ಹೇಳಿದ್ದು ನೆನಪಾಯಿತು. ತವರಿಗೆ ಹೋಗಿ ಬರುತ್ತೇನೆಂದು ಅತ್ತೆಗೆ ಹೇಳಿ, ಮರುದಿನ ಅದೇ ಬಸ್ಸು ಹತ್ತಿ ಬಲಗಡೆಯ ಕಿಟಕಿಯಲ್ಲಿ ಕುಳಿತೆ.

ಟೀಚರು ನನ್ನ ತಾಯಿಯ ಪ್ರಾಯದವರು. ಕಿಟಕಿಯ ಸರಳಿಗೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದರು. ನನಗೆ ಸಮಾಧಾನವಾಗಲಿಲ್ಲ. ಉಳಿದ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದೆ. ಅಷ್ಟರಲ್ಲಿ ಕನಕಮಜಲಿನ ಏರಿನಲ್ಲಿ, ಹಿಂದಿನಿಂದ ಆ ಪರಿಚಯದ ಸದ್ದು ಬಂತು.

"ಬಂದ್ರು ನೋಡಿ! ಸೈಡ್ ಕೊಡ್ಬೇಡಿ ಮಾರಾಯ್ರೆ!" ಎಂದು ಕಂಡಕ್ಟರ್ ಡ್ರೈವರಿಗೆ ಕೂಗಿ ಹೇಳಿದ. ಇಡೀ ಬಸ್ಸು ಹಿಂದೆ ತಿರುಗಿತು.

"ಎಂತ ಇದು?" ಎಂದು ಪಕ್ಕದವಳನ್ನು ಕೇಳಿದೆ.

"ದಿನಾ ಉಂಟು ಅಕ್ಕ. ಒಮ್ಮೆ ಈ ಏರಿನಲ್ಲಿ ಬಸ್ಸು ಆ ಕಾರಿನವರನ್ನು ಹಿಂದೆ ಹಾಕಿತಂತೆ, ಡ್ರೈವರ್ ನಗಾಡಿದ್ರಂತೆ. ಅವತ್ತಿಂದ ಹಠ."

ಒಂದು ಕ್ಷಣ ಜೀವ ಹಗುರಾಯಿತು. ಮರುಕ್ಷಣವೇ ಸಿಟ್ಟು ನೆತ್ತಿಗೇರಿತು. ಹೆಂಗಸಾಗಿದ್ದರೆ ಜುಟ್ಟು ಹಿಡಿದು ಜಗಳವಾಡಬಹುದಿತ್ತು. ಬಸ್ಸಿನ ಜುಟ್ಟು ಎಲ್ಲಿ ಹಿಡಿಯುವುದು?

ಏರಿನ ತುದಿಯಲ್ಲಿ ಕಾರು ನಮಗೆ ಸಮವಾಗಿ ಬಂತು. ನನ್ನ ಸೀಟಿದ್ದ ಜಾಗ ಸರಿಯಾಗಿ ನನ್ನ ಕಿಟಕಿಯ ಕೆಳಗಿತ್ತು. ತುಕ್ಕು ಹಿಡಿದ ತಗಡು, ಬೋಲ್ಟಿನ ತೂತುಗಳು. ಡ್ರೈವರನ್ನು ನೋಡಿ ನಗಲೆಂದು ಮುಖ ಎತ್ತಿದ ಇವರಿಗೆ ಕಂಡದ್ದು ನಾನು. ನಗು ಅಲ್ಲೇ ಇಂಗಿತು. ಕಾರು ಹಿಂದೆ ಬಿತ್ತು. ಬಸ್ಸಿನವರು ಕೇಕೆ ಹಾಕಿದರು.

ಕಾವು ಎಂಬ ಊರಿನಲ್ಲಿ ಬಸ್ಸು ನಿಂತಾಗ ಇವರು ಓಡಿ ಬಂದು ಕಿಟಕಿಯ ಕೆಳಗೆ ನಿಂತರು. "ಇಳಿ. ಕುಂಬ್ರಕ್ಕೆ ನಾನು ಬಿಡ್ತೇನೆ."

"ಎಲ್ಲಿ ಕೂತ್ಕೊಳ್ಳುದು?" ಎಂದು ಕೇಳಿದೆ.

ಇವರು ತಿರುಗಿ ಕಾರಿನ ಖಾಲಿ ತಗಡನ್ನು ನೋಡಿದರು. ಕಂಡಕ್ಟರ್ ಸೀಟಿ ಊದಿದ.

ಕೆಲವು ದಿನ ಕಳೆದು ತವರಿನಿಂದ ಕರೆದುಕೊಂಡು ಹೋಗಲು ಬಂದಾಗ ಸೀಟು ಮೊದಲಿನ ಜಾಗದಲ್ಲಿತ್ತು. ಬೋಲ್ಟು ಬಿಗಿಯಾಗಿದೆಯೋ ಎಂದು ಅಲುಗಾಡಿಸಿ ನೋಡಿಯೇ ಕುಳಿತೆ. ಕಾವು ದಾಟಿದ ಮೇಲೆ ಇವರು ದೊರೆಯ ಬಟ್ಲರನ ಒಂದು ಕತೆ ಶುರು ಮಾಡಿದರು. ಕತೆ ಅರ್ಧಕ್ಕೆ ಬಂದಿರುವಾಗ ಅದೇ ಬಸ್ಸು ಪುತ್ತೂರಿನಿಂದ ವಾಪಸಾಗುತ್ತ ನಮ್ಮ ಹಿಂದಿನಿಂದ ಬಂತು. ಹಾರನ್ ಹೊಡೆದು, ಧೂಳೆಬ್ಬಿಸಿ, ನಮ್ಮನ್ನು ದಾಟಿ ಹೋಯಿತು. ಕಂಡಕ್ಟರ್ ಬಾಗಿಲಲ್ಲಿ ನೇತಾಡಿ ಕೈಯನ್ನೂ ಬೀಸಿದ.

ಇವರು ಕತೆ ನಿಲ್ಲಿಸಲಿಲ್ಲ. ಬಸ್ಸನ್ನು ನಿಜವಾಗಿ ಕಾಣಲಿಲ್ಲವೋ, ಕಂಡೂ ಕಾಣದ ಹಾಗೆ ಮಾಡಿದರೋ ಎಂಬ ಸಂಶಯ ನನಗೆ ಇವತ್ತಿಗೂ ಇದೆ. ಕೇಳಲು ಹೋಗಲಿಲ್ಲ.