ಹೊಸ್ತಿಲಲ್ಲಿ ಹೇಳದ ಹೆಸರು

ಜಗತ್ತಿನ ಭಾಷೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವನಿಗೆ ಮನುಷ್ಯಕುಲವೆಲ್ಲ ಒಂದೇ ಎಂಬ ಸತ್ಯ ತಾನಾಗಿಯೇ ಹೊಳೆಯುತ್ತದೆ. ನಾನು ಹಾಗೆ ನೋಡಿದ್ದು ಎರಡೇ ಭಾಷೆಗಳನ್ನು, ಉಕ್ರೇನಿಯನ್ ಮತ್ತು ಖೋಸಾ. ಎರಡೂ ನನಗೆ ಬರುವುದಿಲ್ಲ.

ಉಕ್ರೇನಿಯನ್ ನಮ್ಮ ಮನೆಗೆ ಮಗಳ ಜೊತೆ ಬಂತು. ಅಲ್ಲಿ ಡಾಕ್ಟರಿಕೆ ಓದುತ್ತಿದ್ದವಳು ಯುದ್ಧ ಶುರುವಾದಾಗ ಒಂದು ಚೀಲ ಹೊತ್ತು ರಾಯಚೂರಿಗೆ ಮರಳಿದಳು. ಓದನ್ನು ಹೇಗೋ ಮುಗಿಸಿ ಈಗ ದೇವದುರ್ಗದಲ್ಲಿ ರೋಗಿಗಳನ್ನು ನೋಡುತ್ತಾಳೆ. ಭಾಷೆಯನ್ನು ಮಾತ್ರ ಬಿಟ್ಟಿಲ್ಲ. ಸಿಟ್ಟು ಬಂದಾಗ ಅದರಲ್ಲೇ ಗೊಣಗುತ್ತಾಳೆ, ನಮಗೂ ಅದೇ ಅನುಕೂಲ.

ಖೋಸಾ ಬಂದದ್ದು ಮಾನ್ವಿಯ ನನ್ನ ಅಕ್ಕನ ಮನೆಗೆ. ಅಕ್ಕನ ಮಗ ಗಾಳಿಯಂತ್ರ ನಿಲ್ಲಿಸುವ ಕೆಲಸಕ್ಕೆಂದು ದಕ್ಷಿಣ ಆಫ್ರಿಕಕ್ಕೆ ಹೋದವನು ಅಲ್ಲಿಯ, ಖೋಸಾ ಮನೆಮಾತಿನ ಒಬ್ಬ ಶಾಲಾ ಶಿಕ್ಷಕಿಯನ್ನು ಮದುವೆಯಾದ. ಸುದ್ದಿ ತಿಳಿದ ದಿನದಿಂದ ನಮ್ಮ ಭಾವ ಮಗನ ಜೊತೆ ಮಾತು ಬಿಟ್ಟರು. ಅವನ ಫೋನು ಬಂದರೆ ಎದ್ದು ಹಿತ್ತಲಿಗೆ ಹೋಗಿ ಕರಿಬೇವಿನ ಗಿಡವನ್ನು ಪರೀಕ್ಷಿಸುತ್ತಿದ್ದರು. ಆ ಕಾಲದಲ್ಲಿ ಗಿಡ ಬಹಳ ಚೆನ್ನಾಗಿ ಬೆಳೆಯಿತು.

ಮಗ ಸೊಸೆ ಮೊದಲ ಸಲ ಊರಿಗೆ ಬರುತ್ತಾರೆಂದಾಗ ಅಕ್ಕ ನನಗೆ ಫೋನು ಮಾಡಿದಳು.

"ತಮ್ಮಾ, ನಿನ್ನ ಮಗಳನ್ನೂ ಕರ್ಕೊಂಡು ಬಾ. ಆಕಿಗೆ ಹೊರದೇಶದ ಮಾತು ಬರ್ತದಲ್ಲ, ಸೊಸಿ ಜೋಡಿ ಮಾತಾಡ್ತಾಳ."

"ಅಕ್ಕಾ, ಆ ದೇಶ ಬ್ಯಾರೆ, ಈ ದೇಶ ಬ್ಯಾರೆ."

"ಎರಡಕ್ಕೂ ಇಮಾನದಾಗೇ ಹೋಗ್ತಾರಿಲ್ಲೋ?" ಅಂದಳು. ದನಿ ತಗ್ಗಿಸಿ, "ಅವ್ರು ಹೊರಗ ಬಂದು ಬಾ ಅಂದ್ರ ಸಾಕೋ. ಇಲ್ಲಂದ್ರ ಈ ಹುಡುಗ ಮತ್ತ ಈ ಕಡಿ ತಲಿ ಹಾಕಂಗಿಲ್ಲ" ಅಂದಳು.

'ಅವ್ರು' ಎಂದರೆ ಭಾವ. ಮದುವೆಯಾದಾಗಿನಿಂದ ಅಕ್ಕ ಅವರ ಹೆಸರನ್ನು ಬಾಯಲ್ಲಿ ತಂದಿಲ್ಲ. ಆಸ್ಪತ್ರೆಯಲ್ಲಿ ಗಂಡನ ಹೆಸರೇನೆಂದು ಕೇಳಿದರೆ ನನ್ನ ಮುಖ ನೋಡುತ್ತಾಳೆ; ನಾನು ಹೇಳುತ್ತೇನೆ. ಈ ಒಂದು ಸೇವೆಗಾಗಿ ನಾನು ರಾಯಚೂರಿನಿಂದ ಬಸ್ಸು ಹತ್ತಿ ಹೋದದ್ದುಂಟು.

ಮಗ ಸೊಸೆ ರಾಯಚೂರಿನಲ್ಲಿ ರೈಲಿಳಿದರು; ಸ್ಟೇಷನ್ನಿನಿಂದ ಎಲ್ಲರೂ ಒಂದೇ ಕಾರಿನಲ್ಲಿ ಹೊರಟೆವು. ಹಿಂದೆ ನನ್ನ ಮಗಳು ಮತ್ತು ಅಕ್ಕನ ಸೊಸೆ ಇಂಗ್ಲಿಷಿನಲ್ಲಿ ತಮ್ಮ ತಮ್ಮ ಭಾಷೆಗಳನ್ನು ಹೋಲಿಸುತ್ತಿದ್ದರು. ಮುಂದೆ ಕೂತ ನಾನು ವಿದ್ವಾಂಸನಂತೆ ತಲೆದೂಗುತ್ತಿದ್ದೆ. ಕಲ್ಮಲ ಬರುವಷ್ಟರಲ್ಲಿ ಸಂಶೋಧನೆ ಇಷ್ಟು ಮುಂದುವರಿದಿತ್ತು: ಅಪ್ಪನಿಗೆ ಉಕ್ರೇನಿನವರು 'ತಾತೊ' ಎನ್ನುತ್ತಾರೆ, ಖೋಸಾದವರು 'ತಾತ' ಎನ್ನುತ್ತಾರೆ. ನಂಟಸ್ತಿಕೆ ಅಲ್ಲಿಗೆ ಮುಗಿಯಿತು. ಖೋಸಾದಲ್ಲಿ ನಾಲಿಗೆಯಿಂದ ಲೊಚಗುಟ್ಟಿ ಹೊರಡಿಸುವ ಅಕ್ಷರಗಳಿವೆ. ಅವುಗಳಲ್ಲಿ ಒಂದನ್ನು ನಾವು ಅಯ್ಯೋ ಪಾಪ ಅನ್ನುವುದಕ್ಕೂ, ಇನ್ನೊಂದನ್ನು ಎತ್ತು ಹೊಡೆಯುವುದಕ್ಕೂ ಬಳಸುತ್ತೇವೆ. ಅವರು ಅವುಗಳಿಂದ ಪಾಠ ಮಾಡುತ್ತಾರೆ. ನಾನೂ ಪ್ರಯತ್ನಿಸಿದೆ. ನನ್ನ ಕಟ್ಟಿಸಿದ ಹಲ್ಲು ಅವರ ವರ್ಣಮಾಲೆಯಲ್ಲಿಲ್ಲದ ಹೊಸ ಅಕ್ಷರವೊಂದನ್ನು ಹೊರಡಿಸಿತು.

ಮರ್ಯಾದೆಯ ಮಾತು ಬಂತು. ಉಕ್ರೇನಿನಲ್ಲಿ ಪ್ರೊಫೆಸರನ್ನು ಹೆಸರು ಹಿಡಿದು, ಅದರ ಹಿಂದೆ ಅವರಪ್ಪನ ಹೆಸರನ್ನೂ ಸೇರಿಸಿ ಕರೆಯುವುದೇ ದೊಡ್ಡ ಗೌರವ ಎಂದು ಮಗಳು ವಿವರಿಸಿದಳು. ಊರಿಗೆ ಬಂದ ಹೊಸದರಲ್ಲಿ ಆಕೆ ನನ್ನ ಮೇಲೂ ಈ ಗೌರವ ಪ್ರಯೋಗಿಸಿದ್ದಳು. ಅವಳವ್ವನ ಕೈಯಿಂದ ಸೌಟು ಜಾರಿ ಬಿದ್ದಿತ್ತು. ಇದನ್ನು ಕೇಳಿ ಸೊಸೆ ನಗಲಿಲ್ಲ. ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಯಾಕೆಂದು ನನಗಾಗ ತಿಳಿಯಲಿಲ್ಲ.

ಮಾನ್ವಿಯಲ್ಲಿ ಅಕ್ಕ ಆರತಿ ಹಿಡಿದು ನಿಂತಿದ್ದಳು. ಓಣಿಯ ಹೆಂಗಸರು ಬಾಗಿಲು ಅಡ್ಡಗಟ್ಟಿದ್ದರು. ಭಾವ ಒಳಕೋಣೆಯಲ್ಲಿದ್ದರು, ಬಾಗಿಲು ಮುಚ್ಚಿತ್ತು. ಜನ್ಮವಿಡೀ ಗಂಡನ ಹೆಸರು ಹೇಳದ ಹೆಣ್ಣು ಮನೆ ತುಂಬುವ ದಿನ ಮಾತ್ರ ಒಡಪು ಎಂಬ ಪ್ರಾಸದ ಪದ್ಯ ಕಟ್ಟಿ ಎಲ್ಲರೆದುರು ಆ ಹೆಸರು ಹೇಳಿಯೇ ಒಳಗೆ ಬರಬೇಕು. ನಮ್ಮಲ್ಲಿ ಅದು ಪದ್ಧತಿ. ಸೊಸೆ ವಿಮಾನದಲ್ಲೇ ಕನ್ನಡದ ಒಡಪು ಬಾಯಿಪಾಠ ಮಾಡಿ ಬಂದಿದ್ದಳು. ಇನ್ನೇನು ಶುರು ಮಾಡಬೇಕು, ಪಕ್ಕದ ಮನೆಯ ಮುದುಕಿ ಬಾಗಿಲ ಮೇಲಿನ ಹಾರ ಹಾಕಿದ ಫೋಟೊ ತೋರಿಸಿ, "ಗಟ್ಟ್ಯಾಗಿ ಹೇಳವ್ವಾ. ಇಗಾ, ಇವ್ರು ನಿಮ್ಮ ಮಾವನ ಅಪ್ಪ. ಇವರ ಹೆಸರೇ ನಿನ್ನ ಗಂಡಗ ಇಟ್ಟದ್ದು" ಅಂದಳು.

ಮಗಳು ಅದನ್ನು ನಿಷ್ಠೆಯಿಂದ ಅನುವಾದಿಸಿದಳು. ಸೊಸೆಯ ಬಾಯಿ ಮುಚ್ಚಿತು. ಇಬ್ಬರೂ ಪಿಸುಗುಟ್ಟಿದರು.

"ಅತ್ತಿ, ಆಕಿ ಹೇಳಂಗಿಲ್ಲಂತ" ಎಂದಳು ಮಗಳು. "ಅವರ ಮಂದ್ಯಾಗ ಸೊಸಿ ಮಾವನ ಹೆಸರು, ಮಾವನ ಅಪ್ಪನ ಹೆಸರು ಬಾಯಾಗ ತರಂಗಿಲ್ಲಂತ. ಆ ಹೆಸರಿನಂಥ ಸಪ್ಪಳ ಇರೋ ಮಾತು ಬಂದ್ರೂ ಬ್ಯಾರೆ ಮಾತು ಹಚ್ಚಿ ಆಡ್ತಾರಂತ."

"ಹಂಗಾದ್ರ ಇಷ್ಟು ದಿನ ಗಂಡನ್ನ ಏನಂತ ಕರೀತಿದ್ಳು?" ಎಂದಳು ಮುದುಕಿ.

"ಹೆಸರು ಹಿಡದೇ," ಅಕ್ಕನ ಮಗ ತಲೆ ಕೆರೆದುಕೊಂಡ. "ಅದು ಅಜ್ಜನ ಹೆಸರಂತ ನಾ ಹೇಳಿದ್ದಿಲ್ಲ."

"ಹೆಸರು ಹೇಳಲಾರದ ಒಳಗ ಬಿಡೂದು ಹ್ಯಾಂಗ್ರೆವ್ವಾ? ಹಿಂಗ ಯಾರ ಮನ್ಯಾಗೂ ಆಗಿಲ್ಲ" ಎಂದಳು ಓಣಿಯ ಇನ್ನೊಬ್ಬಳು.

ಅಕ್ಕನ ಕಣ್ಣು ಒಳಕೋಣೆಯ ಬಾಗಿಲ ಮೇಲಿತ್ತು. ಆಗ ನನ್ನ ಮಗಳು ರಾಜಿಗೆ ಮುಂದಾದಳು. ಉಕ್ರೇನಿನ ಪದ್ಧತಿಯಂತೆ ಗಂಡನ ಹೆಸರಿನ ಜೊತೆ ಅವನ ಅಪ್ಪನ ಹೆಸರನ್ನೂ ಸೇರಿಸಿಬಿಟ್ಟರೆ ಮರ್ಯಾದೆ ಪೂರ್ತಿಯಾಗುತ್ತದಲ್ಲ? ಹೇಳಿ ನೋಡಿದಳು. ಸೊಸೆ ಎರಡು ಹೆಜ್ಜೆ ಹಿಂದೆ ಸರಿದಳು. ಹೇಳಬಾರದ ಹೆಸರು ಒಂದಿದ್ದದ್ದು ಈಗ ಎರಡಾಗಿತ್ತು. ಭಾಷೆಗಳ ಹೋಲಿಕೆಯಿಂದ ಇಷ್ಟು ಬೇಗ ಫಲ ದೊರೆತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

"ಮಾವನ ಹೆಸರೂ ಹೇಳಂಗಿಲ್ಲೇನು?" ಎಂದಳು ಮುದುಕಿ.

"ಮನಿ ಒಳಗ ಬಿಡದಿದ್ರೂ ಹೇಳಂಗಿಲ್ಲಂತ."

ಒಳಕೋಣೆಯ ಬಾಗಿಲು ತೆರೆಯಿತು. ಭಾವ ಹೆಗಲ ಮೇಲೆ ಟವೆಲು ಹಾಕಿಕೊಂಡು ಬಂದರು.

"ನಮ್ಮಪ್ಪನ ಹೆಸರು ನಾನೇ ಎಂದೂ ಹಿಡದಾಂವಲ್ಲ. ಆಕಿ ಯಾಕ ಹಿಡೀಬೇಕು?" ಎಂದರು ಹೆಂಗಸರಿಗೆ. "ಹಿರ್ಯಾರ ಹೆಸರಿಗೆ ಇಷ್ಟು ಅಂಜೂ ಸೊಸಿ ಈ ಓಣ್ಯಾಗ ಯಾರ ಮನ್ಯಾಗ ಅದಾಳ, ತೋರಸ್ರಿ ನೋಡೂಣು. ಸರೀರಿ."

ಎಲ್ಲರೂ ಸರಿದರು. "ಬಾ ಯವ್ವಾ" ಎಂದರು ಭಾವ. ಅದನ್ನು ಮಗಳು ಅನುವಾದಿಸಲಿಲ್ಲ, ಸೊಸೆ ಅರ್ಥ ಕೇಳಲೂ ಇಲ್ಲ. ಅಕ್ಕ ಆರತಿ ಬೆಳಗಿದಳು.

ಭಾವ ಮಗನ ಕಡೆ ತಿರುಗಿ, ಅವನ ಕಾಲನ್ನೇ ನೋಡುತ್ತ, "ಬೂಟು ಹೊರಗ ಬಿಡು" ಎಂದರು. ಮದುವೆಯಾದ ಮೇಲೆ ಮಗನ ಜೊತೆ ಅವರು ಆಡಿದ ಮೊದಲ ಮಾತು ಅದು.

ಅವನು ಬೂಟು ಬಿಟ್ಟ. ಸೊಸೆ ಹೆಸರು ಹೇಳದೆ ಒಳಗೆ ಬಂದಳು.