ಕಲ್ಲಿನ ಕಪ್ಪೆಗೆ ನೀರು

ಜೂನ್ ಮುಗಿಯುತ್ತ ಬಂದರೂ ಬೊಂಬಾಯಿಗೆ ಮಳೆಯಿಲ್ಲ. ಆಂಟಾಪ್ ಹಿಲ್ ಮಗ್ಗುಲಿನ ಕಲ್ಲುಗಣಿಯಲ್ಲಿ ನಿಂತಿದ್ದೆ. ಮೈಸೂರಿನಲ್ಲಿ ಭೂವಿಜ್ಞಾನ ಕಲಿಸುವವನು ನಾನು. ಕಪ್ಪು ಬಂಡೆಗಳ ನಡುವಿನ, ಒಣಗಿದ ಜೇಡಿಯಂಥ ಮೆದು ಪದರದಲ್ಲಿ ಪುಟ್ಟ ಕಪ್ಪೆಯೊಂದರ ಅಚ್ಚು ಸಿಕ್ಕಾಗ ಹಿಗ್ಗಿಹೋದೆ. ಆ ಚೂರನ್ನು ಬಿಡಿಸಿಕೊಂಡು, ಪಕ್ಕದಲ್ಲಿ ಜಲ್ಲಿ ಒಡೆಯುತ್ತಿದ್ದ ವಿಜಾಪುರದ ಯಲ್ಲವ್ವನಿಗೆ ತೋರಿಸಿದೆ.

"ಈ ಗುಡ್ಡ ಒಂದು ಕಾಲಕ್ಕೆ ಕಣಿವೆಯಾಗಿತ್ತಮ್ಮ. ಮಳೆ ಸುರೀತಿತ್ತು, ಜೌಗಿನ ತುಂಬ ಕಪ್ಪೆಗಳಿದ್ವು. ಆಮೇಲೆ ಕಲ್ಲೇ ಕರಗಿ ಬೆಂಕಿಯಾಗಿ ಹರಿದು ಕಣಿವೇನೆಲ್ಲ ತುಂಬಿಬಿಡ್ತು."

"ಎಲ್ಲಾ ಸತ್ತುವೇನ್ರಿ?"

"ಎಲ್ಲಾ."

ಆಕೆ ಆ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. "ನಮ್ಮೂರಾಗ ಮಳಿ ಬರ್ಲಿಲ್ಲಂದ್ರ ಕಪ್ಪಿಗೆ ನೀರ ಹಾಕ್ತೀವ್ರಿ. ಇಲ್ಲಿ ಚಾಳಿನ ನಳಾನೂ ಒಣಗೇತಿ" ಎಂದವಳೇ, ಪಕ್ಕದಲ್ಲಿದ್ದ ಚೆಂಬಿನ ನೀರನ್ನೆಲ್ಲ ಅದರ ಮೇಲೆ ಸುರಿದಳು.

ಬೇಡ ಎನ್ನುವಷ್ಟರಲ್ಲಿ ಮುಗಿದಿತ್ತು. ಬೆಂಕಿಯ ಅಡಿಯಲ್ಲಿ ಕೋಟಿಗಟ್ಟಲೆ ವರ್ಷ ಉಳಿದಿದ್ದ ಕಪ್ಪೆ, ಅವಳ ಬೆರಳ ಸಂದಿಯಿಂದ ಕೆಸರಾಗಿ ಇಳಿದುಹೋಯಿತು.

ಯಲ್ಲವ್ವ ಕೈ ನೋಡಿಕೊಂಡಳು, ಆಮೇಲೆ ಚೆಂಬು ನೋಡಿದಳು.

"ಕುಡ್ಯಾಕ ಇದ್ದದ್ದು ಅಷ್ಟ ನೀರ್ರಿ" ಎಂದಳು.